ಹಂಚಿನ ಕಾಲಕ್ಕೆ ಮೂರು ವಾರ

ವೇಳಾಪಟ್ಟಿ ಬರೆಯುವವಳು ನಾನು,
ಗಣಿತದ ಐರಿನ್ ತಾವ್ರೊ. ಹಂಚುವುದೇ ಕೆಲಸ,
ಹತ್ತೊಂಬತ್ತು ವರ್ಷದಿಂದ.
ಸ್ಕೇಲು ಹಿಡಿದು ಶಾಯಿಯಲ್ಲಿ ಗೆರೆ ಎಳೆದು
ನಲವತ್ತು ನಿಮಿಷಕ್ಕೊಂದು ಗೂಡು,
ಗೂಡಿಗೊಬ್ಬರು ಮಾಸ್ಟರು.
ಕನ್ನಡ ಒಳಗಿದ್ದರೆ ವಿಜ್ಞಾನ ಜಗಲಿಯಲ್ಲಿ ಕಾಯಬೇಕು.
ಚರಿತ್ರೆಗೆ ಯಾವಾಗಲೂ ಊಟದ ನಂತರದ
ತೂಕಡಿಕೆಯ ಅವಧಿ.

ಅದಕ್ಕೇ ಇರಬೇಕು, ಮೇ ತಿಂಗಳ ಸಭೆಯಲ್ಲಿ
ಚರಿತ್ರೆಯ ಸಂಜೀವ ಸಾಲಿಯಾನರು ಎದ್ದು
"ನನಗೆ ಅವಧಿ ಬೇಡ ಟೀಚರ್, ಕಾಲ ಕೊಡಿ" ಎಂದರು.
ಜೂನಿನಲ್ಲಿ ಎಲ್ಲರಿಗೂ ಮೆಣಸಿನ ಕಾಲ,
ಆಗಸ್ಟಿನಲ್ಲಿ ಪೋರ್ಚುಗೀಸರದ್ದು,
ನವೆಂಬರಿನಲ್ಲಿ ಮೂರು ವಾರ ಹಂಚಿನ ಕಾಲ.
ಎಲ್ಲ ವಿಷಯಗಳೂ ಒಂದು ಶತಮಾನವನ್ನು
ಒಂದೇ ಮಾಡಿನಡಿ ಕೂತು ಓದಲಿ.

"ಎಂತ ಮಾರಾಯ್ರೆ, ಪೋರ್ಷನ್ ಮುಗಿಸುವುದು ಯಾರು?"
ಕೇಳಿದವಳು ನಾನೇ.
ಪಿ.ಟಿ. ಮಾಸ್ಟರು ವಾಮನ ಬಂಗೇರರು
"ನನಗೆ ಯಾವ ಶತಮಾನ?" ಅಂದರು. ಸಭೆ ನಕ್ಕಿತು.

ಮೆಣಸು ನನಗೆ ಹತ್ತಲಿಲ್ಲ.
ಪಾಲು ಬಂಡವಾಳದ ಹಳೆಯ ಲೆಕ್ಕಕ್ಕೆ
ಅರಬ್ಬಿ ವರ್ತಕನ ಹೆಸರಿಟ್ಟು ಕೈತೊಳೆದುಕೊಂಡೆ.
ಪೋರ್ಚುಗೀಸರ ಸರದಿಯಲ್ಲಿ ಕನ್ನಡದ ವಾರಿಜಾಕ್ಷಿ
ಚಾವಿ, ಬಟಾಟೆ, ಅನಾನಸು, ಪಾದ್ರಿ ಎಂದು
ಮಕ್ಕಳ ಬಾಯಿಂದಲೇ ಹಡಗಿನ ಸರಕು ಇಳಿಸಿದರು.
ಅವು ನನ್ನ ಮನೆಯಲ್ಲಿ ದಿನಾ ಆಡುವ ಮಾತು.
ಹೊಟ್ಟೆಕಿಚ್ಚಾಯಿತು, ಹೇಳಲಿಲ್ಲ.

ನವೆಂಬರ್.
ವಿಜ್ಞಾನದ ಮುಮ್ತಾಜ್ ನೇತ್ರಾವತಿಯ ಜೇಡಿಯನ್ನು
ಬಕೆಟಿನಲ್ಲಿ ತಂದರು:
ಉರಿಯಲ್ಲಿ ಮಣ್ಣು ಕೆಂಪಾಗುವ ಗುಟ್ಟು ಕಬ್ಬಿಣದ್ದಂತೆ.
ವಾರಿಜಾಕ್ಷಿ ಅದೇ ಕಾಲದ ಅಚ್ಚುಮೊಳೆ ತೋರಿಸಿದರು,
ಒತ್ತಕ್ಷರಗಳಿಗೆ ಪ್ರತ್ಯೇಕ ಗೂಡುಗಳು ಅಲ್ಲಿಯೂ.
ನಾನು ಶಾಲೆಯ ಮಾಡಿಗೆ ಏಣಿ ಇಡಿಸಿ
ಇಳಿಜಾರಿನ ಕರ್ಣ ಅಳೆಸಿದೆ,
ಚದರ ಮೀಟರಿಗೆ ಹದಿನೈದು ಹಂಚು,
ಒಡೆದವು ಬೇರೆ.

ಬಂಗೇರರು ಜೆಪ್ಪುವಿನ ಮುಚ್ಚಿದ ಕಾರ್ಖಾನೆಯಿಂದ
ನೂರು ಹಂಚು ತರಿಸಿ
ಒಂಬತ್ತನೆಯ ಬಿ-ಯನ್ನು ಮೈದಾನದಲ್ಲಿ ಸಾಲು ನಿಲ್ಲಿಸಿದರು,
ಕೈಯಿಂದ ಕೈಗೆ, ಕೈಯಿಂದ ಕೈಗೆ.
ಮೂವತ್ತಾಗುವಾಗ ಹುಡುಗರು ಕೂತರು.
ಪ್ರಜ್ವಲಾ ಕೂರಲಿಲ್ಲ.
"ನಮ್ಮ ಪಿಜ್ಜಿ ಇದನ್ನು ತಲೆಯಲ್ಲಿ ಹೊತ್ತದ್ದು" ಅಂದಳು.

ಅಪ್ಪಿ ಪೂಜಾರ್ತಿ.
ಆವಿಗೆಯಿಂದ ದೋಣಿಗೆ, ಇಪ್ಪತ್ತೆರಡು ವರ್ಷ.

ಸಾಲಿಯಾನರು ಪುಸ್ತಕ ತಿರುವಿದರು.
ಯಂತ್ರ ಬಂದ ಇಸವಿ ಇತ್ತು,
ಹಡಗು ಮುಟ್ಟಿದ ಊರುಗಳಿದ್ದವು,
ಮಾಲೀಕನ ಗಡ್ಡದ ಚಿತ್ರವೂ ಇತ್ತು.
ಮತ್ತೆ ಪುಸ್ತಕ ಮುಚ್ಚಿ ನನ್ನ ಕಡೆ ನೋಡಿದರು.

ಚಾಕ್ ತೆಗೆದುಕೊಂಡೆ.
ಹಂಚಿಗೆ ಎರಡೂವರೆ ಕಿಲೊ, ಹೊರೆಗೆ ಎಂಟು.
ದಿನಕ್ಕೆ ಎಷ್ಟು ನಡಿಗೆ? ಯಾರಿಗೂ ಗೊತ್ತಿಲ್ಲ.
ಮರುದಿನ ಪ್ರಜ್ವಲಾ ಅಜ್ಜಿಯನ್ನು ಕೇಳಿ ಬಂದಳು:
ನಡಿಗೆಗೊಂದು ಹುಣಸೆಬೀಜ
ಸೆರಗಿಗೆ ಹಾಕಿಕೊಳ್ಳುತ್ತಿದ್ದಳಂತೆ ಪಿಜ್ಜಿ,
ಮೇಸ್ತ್ರಿ ಕಡಿಮೆ ಬರೆದಾನೆಂದು.
ಸಂಜೆಗೆ ಅರವತ್ತು.

ಅರವತ್ತು. ವರ್ಷಕ್ಕೆ ಮುನ್ನೂರು ದಿನ. ಇಪ್ಪತ್ತೆರಡು ವರ್ಷ.
ಹಲಗೆಯ ಅಂಚು ಸಾಕಾಗದೆ ಕೆಳಗಿಳಿಸಿ ಬರೆದೆ:
ಎಪ್ಪತ್ತೊಂಬತ್ತು ಲಕ್ಷ ಇಪ್ಪತ್ತು ಸಾವಿರ ಕಿಲೊ.
ಸೊನ್ನೆಗಳನ್ನು ಎರಡು ಸಲ ನೋಡಿದೆ.
ಸರಿಯೇ ಇತ್ತು.

"ಇದನ್ನು ಯಾವ ನೋಟ್ಸಿನಲ್ಲಿ ಬರೆಯುವುದು ಟೀಚರ್,
ಗಣಿತದ್ದಾ, ಸಮಾಜದ್ದಾ?"
ಹತ್ತೊಂಬತ್ತು ವರ್ಷ ಗೆರೆ ಎಳೆದವಳಿಗೆ
ಉತ್ತರ ಬಾಯಿಗೆ ಬರಲಿಲ್ಲ.
ಹಿಂದಿನ ಬೆಂಚಿನಿಂದ ಯಾರೋ "ಕನ್ನಡದ್ದು" ಎಂದರು.

ಮಾರ್ಚಿನಲ್ಲಿ ಪರೀಕ್ಷೆ ಹಳೆಯ ಗೂಡುಗಳಲ್ಲೇ ನಡೆಯಿತು.
ಅಪ್ಪಿಯ ಮೇಲೆ ಪ್ರಶ್ನೆ ಬರಲಿಲ್ಲ.
ಪೋರ್ಷನ್ ಒಂದು ಪಾಠ ಉಳಿಯಿತು, ಬೈಸಿಕೊಂಡೆವು.

ಈಗ ಮತ್ತೆ ಮೇ. ಸೆಕೆ, ಫ್ಯಾನಿನ ಕೆಳಗೆ ಹಾರುವ ದೊಡ್ಡ ಹಾಳೆ.
ಗೆರೆಗಳನ್ನು ಈ ಸಲ ಪೆನ್ಸಿಲಿನಲ್ಲಿ ಎಳೆದಿದ್ದೇನೆ.
ಸಾಲಿಯಾನರು ಬಾಗಿಲಲ್ಲಿ ನಿಂತು
ಬಂದರಿಗೆ ಐಸು ಬಂದ ಕಾಲ ಬೇಕು ಎನ್ನುತ್ತಿದ್ದಾರೆ,
ಮೀನು ದೂರದ ಊರಿಗೆ ಹೋಗಲು ಕಲಿತದ್ದು.

"ಮೂರು ವಾರ ಸಾಕಾ?" ಕೇಳುತ್ತೇನೆ.